ಮಿಷನ್ ಇಂಪಾಸಿಬಲ್ ಸರಣಿಯಲ್ಲಿ ‘ಫಾಲೌಟ್’ಗೆ ಮಾತ್ರ ಯಾಕಿಷ್ಟು ಹೆಸರು?

ನಿಮ್ಮ ಪ್ರಶ್ನೆ ಇದು: “ಮಿಷನ್ ಇಂಪಾಸಿಬಲ್ ಸಿನಿಮಾಗಳೆಲ್ಲ ನನಗೆ ಒಂದೇ ಥರ ಕಾಣುತ್ತವೆ. ಓಡೋದು, ಹಾರೋದು, ಮುಖವಾಡ ಕೀಳೋದು, ಕೊನೇ ಸೆಕೆಂಡಿನಲ್ಲಿ ಬಾಂಬ್ ನಿಲ್ಲಿಸೋದು. ಆದರೂ 2018ರ ಫಾಲೌಟ್ ಅಂದ ತಕ್ಷಣ ಜನ ಯಾಕೆ ಅಷ್ಟು ಹೊಗಳುತ್ತಾರೆ?”

ನಿಮ್ಮ ಪಟ್ಟಿಯಲ್ಲಿ ತಪ್ಪೇನಿಲ್ಲ. ಆ ನಾಲ್ಕೂ ಫಾಲೌಟ್‌ನಲ್ಲಿ ಇವೆ. ಕೊನೇ ಸೆಕೆಂಡಿನ ಬಾಂಬ್ ಅಂತೂ ಒಂದಲ್ಲ, ಎರಡು. ಆದರೆ ಈ ಸಿನಿಮಾದಲ್ಲಿ ಹೀರೋಗೆ ಒಂದು ದೌರ್ಬಲ್ಯ ಇದೆ. ಕಥೆಯನ್ನು ಎಳೆದುಕೊಂಡು ಹೋಗುವುದೇ ಅದು. ಟಾಮ್ ಕ್ರೂಸ್ ಮಾಡುವ ಗೂಢಚಾರಿ ಈಥನ್ ಹಂಟ್ ಕಣ್ಣೆದುರಿಗಿರುವ ಒಬ್ಬ ಮನುಷ್ಯನನ್ನು ಸಾಯಲು ಬಿಡಲಾರ. ಅದರಿಂದ ಒಂದಾದ ಮೇಲೊಂದು ಫಜೀತಿ ಹುಟ್ಟುತ್ತದೆ. ಆ ಓಡೋದು, ಹಾರೋದು ಎಲ್ಲ ಆ ಫಜೀತಿಯಿಂದ ಹೊರಬರುವ ಪರದಾಟ. ನನ್ನ ಪ್ರಕಾರ ಉಳಿದ ಸಿನಿಮಾಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಆದರೆ ಈ ‘ಇಷ್ಟೇ’ ಸಣ್ಣದಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಥೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ, ನೋಡಿಲ್ಲದವರು ಇಲ್ಲೇ ನಿಲ್ಲಿಸಿ.

ಮೊದಲು ಸ್ವಲ್ಪ ಹಿನ್ನೆಲೆ. ಇದು 1966ರಲ್ಲಿ ಶುರುವಾದ ಅಮೆರಿಕನ್ ಟಿವಿ ಧಾರಾವಾಹಿಯಿಂದ ಬಂದ ಸರಣಿ. 1996ರಲ್ಲಿ ಬ್ರಯನ್ ಡಿ ಪಾಲ್ಮಾ ಮೊದಲ ಸಿನಿಮಾ ಮಾಡಿದರು. ಆಮೇಲೆ ಪ್ರತಿ ಸಿನಿಮಾಕ್ಕೂ ಹೊಸ ನಿರ್ದೇಶಕರು. 2000ದಲ್ಲಿ ಜಾನ್ ವೂ, 2006ರಲ್ಲಿ ಜೆ.ಜೆ. ಅಬ್ರಾಮ್ಸ್, 2011ರಲ್ಲಿ ಬ್ರಾಡ್ ಬರ್ಡ್, 2015ರಲ್ಲಿ ಕ್ರಿಸ್ಟೋಫರ್ ಮೆಕ್ವಾರಿ. ಹಾಗಾಗಿ ಒಂದೊಂದಕ್ಕೂ ಅದರದೇ ಗುರುತು ಇದೆ. ಮೊದಲನೆಯದರಲ್ಲಿ ಸಿಐಎ ಕಚೇರಿಯ ಬಿಳಿ ಕೋಣೆಯಲ್ಲಿ ಹಗ್ಗಕ್ಕೆ ನೇತಾಡುವ ಟಾಮ್ ಕ್ರೂಸ್ ಮತ್ತು ಆ ಬೆವರಿನ ಹನಿ. ಎರಡನೆಯದರಲ್ಲಿ ಸ್ಲೋ ಮೋಷನ್ ಮತ್ತು ಪಾರಿವಾಳ. ಮೂರನೆಯದರಲ್ಲಿ ವಿಲನ್ ಆಗಿ ಫಿಲಿಪ್ ಸೇಮೂರ್ ಹಾಫ್‌ಮನ್. ನಾಲ್ಕನೆಯದರಲ್ಲಿ ಬುರ್ಜ್ ಖಲೀಫಾ. (ಅದರ ಕೊನೆಯ ಭಾಗದ ‘ಮುಂಬೈ’ಯ ಕೆಲವು ಹೊರಾಂಗಣ ದೃಶ್ಯಗಳನ್ನು ನಮ್ಮ ಬೆಂಗಳೂರಿನಲ್ಲೂ ತೆಗೆದಿದ್ದಾರೆ, ಗಮನಿಸಿದ್ರಾ?) ಐದನೆಯದರಲ್ಲಿ ವಿಯೆನ್ನಾದ ಒಪೆರಾ ಮಂದಿರ, ವಿಮಾನದ ಪಕ್ಕಕ್ಕೆ ಅಂಟಿಕೊಂಡ ಕ್ರೂಸ್.

ಹೀಗೆ ಒಂದೊಂದು ಸಾಹಸದ ಹೆಸರು ಹೇಳಿದರೆ ಸಾಕು, ಇಡೀ ಸಿನಿಮಾ ನೆನಪಾಗುತ್ತದೆ. ಕಥೆ ಏನಿತ್ತು ಅಂತ ಕೇಳಿದರೆ ತಲೆ ಕೆರೆದುಕೊಳ್ಳಬೇಕು. ಬುರ್ಜ್ ಖಲೀಫಾ ಯಾಕೆ ಹತ್ತಿದ ಅಂತ ಥಟ್ಟನೆ ಹೇಳಬಲ್ಲವರು ಎಷ್ಟು ಜನ? ಸರ್ವರ್ ರೂಮಿಗೆ ಹೋಗಬೇಕಿತ್ತು, ಅಷ್ಟೇ. ಅದರಿಂದ ಆ ದೃಶ್ಯದ ಮಜಾ ಏನೂ ಕಡಿಮೆಯಾಗುವುದಿಲ್ಲ ಬಿಡಿ. ಪತ್ತೇದಾರಿ ಸಿನಿಮಾಗಳು ಮೊದಲಿನಿಂದಲೂ ಹೀಗೇ. ನಮ್ಮ ರಾಜ್‌ಕುಮಾರ್ ಸಿಐಡಿ 999 ಆಗಿ 1968ರ ‘ಜೇಡರ ಬಲೆ’ಯಲ್ಲಿ ಬಂದಾಗಲೂ ಜನ ಹೋಗಿದ್ದು ಆ ಠೀವಿ ನೋಡಲು.

ಆರನೆಯದಾದ ಫಾಲೌಟ್‌ಗೆ ಮತ್ತೆ ಮೆಕ್ವಾರಿಯೇ ಬಂದರು. ಸರಣಿಯಲ್ಲಿ ಎರಡನೇ ಸಲ ಬಂದ ಮೊದಲ ನಿರ್ದೇಶಕ ಅವರೇ. ಒಬ್ಬರೇ ಎರಡು ಮಾಡಿದರೆ ಎರಡೂ ಒಂದೇ ಥರ ಆಗಬಹುದು ಅನ್ನೋ ಯೋಚನೆ ಅವರಿಗೇ ಇತ್ತು. ಅದಕ್ಕೆ ಛಾಯಾಗ್ರಾಹಕರನ್ನು ಬದಲಿಸಿದರು, ರಾಬ್ ಹಾರ್ಡಿ ಬಂದರು. ಸಂಗೀತಕ್ಕೆ ಲಾರ್ನ್ ಬಾಲ್ಫ್ ಬಂದರು. ಲಾಲೋ ಶಿಫ್ರಿನ್ ಅವರ ಹಳೆಯ ಐದು ಎಣಿಕೆಯ ತಾಳದ ಟ್ಯೂನ್ ಇಲ್ಲಿ ಭಾರವಾಗಿ, ಕಪ್ಪಾಗಿ ಕೇಳುತ್ತದೆ. ಆದರೆ ಹಳೆಯ ಪಾತ್ರಗಳನ್ನು ಬದಲಿಸಲಿಲ್ಲ. ಐದನೆಯದರ ವಿಲನ್ ಸೊಲೊಮನ್ ಲೇನ್ ಇಲ್ಲೂ ಬರುತ್ತಾನೆ, ಅದರಲ್ಲೇ ಪರಿಚಯವಾದ ಬ್ರಿಟಿಷ್ ಗೂಢಚಾರಿಣಿ ಇಲ್ಸಾ ಬರುತ್ತಾಳೆ, ಮೂರನೆಯದರಲ್ಲಿ ಈಥನ್ ಮದುವೆಯಾದ ಜೂಲಿಯಾ ಬರುತ್ತಾಳೆ. 1996ರ ಸಿನಿಮಾದಲ್ಲಿದ್ದ ಮ್ಯಾಕ್ಸ್ ಎಂಬ ದಲ್ಲಾಳಿ ಹೆಂಗಸಿನ ಮಗಳು ಕೂಡ ‘ವೈಟ್ ವಿಡೋ’ ಅನ್ನೋ ಹೆಸರಿನಲ್ಲಿ ಸಿಗುತ್ತಾಳೆ. ಇಪ್ಪತ್ತು ವರ್ಷದ ಹಳೇ ಲೆಕ್ಕಗಳೆಲ್ಲ ಈಥನ್‌ನ ಬಾಗಿಲಿಗೆ ಬಂದು ನಿಂತ ಹಾಗಿದೆ.

ಈಗ ಆ ದೌರ್ಬಲ್ಯದ ವಿಷಯ. ಶುರುವಿನಲ್ಲೇ ಬರ್ಲಿನ್‌ನಲ್ಲಿ ಒಂದು ವ್ಯವಹಾರ. ಮೂರು ಪ್ಲುಟೋನಿಯಂ ಗೋಳಗಳು ಕೈಗೆ ಬರುವುದರಲ್ಲಿವೆ. ಅಷ್ಟರಲ್ಲಿ ಶತ್ರುಗಳು ಲೂಥರ್‌ನನ್ನು ಹಿಡಿದು ತಲೆಗೆ ಪಿಸ್ತೂಲು ಇಡುತ್ತಾರೆ. ಪ್ಲುಟೋನಿಯಂ ಬೇಕಾ, ಗೆಳೆಯ ಬೇಕಾ? ಈಥನ್ ಗೆಳೆಯನನ್ನು ಉಳಿಸಿಕೊಳ್ಳುತ್ತಾನೆ. ಪ್ಲುಟೋನಿಯಂ ಹೋಗುತ್ತದೆ. ಮುಂದಿನ ಎರಡು ಗಂಟೆಯ ಸಿನಿಮಾ ಪೂರ್ತಿ ಆ ಒಂದು ಕ್ಷಣದ ಸಾಲ ತೀರಿಸುವುದೇ ಆಗಿದೆ. ಲಕ್ಷಾಂತರ ಜನರನ್ನು ಅಪಾಯಕ್ಕೆ ತಳ್ಳಿದವನು ವಿಲನ್ ಅಲ್ಲ, ನಮ್ಮ ಹೀರೋ. ಅದೂ ಒಳ್ಳೆಯತನದಿಂದ. ಈ ಥರದ ಆರಂಭ ಸರಣಿಯಲ್ಲಿ ಬೇರೆಲ್ಲೂ ನನಗೆ ಕಂಡಿಲ್ಲ.

ಪ್ಯಾರಿಸ್‌ನಲ್ಲಿ ಇದೇ ಪ್ರಶ್ನೆ ಮತ್ತೆ ಬರುತ್ತದೆ, ಎರಡು ರೂಪದಲ್ಲಿ. ವೈಟ್ ವಿಡೋ ಪ್ಲುಟೋನಿಯಂ ಕೊಡಬೇಕಾದರೆ ಪೊಲೀಸ್ ಕಾವಲಿನಲ್ಲಿರುವ ಸೊಲೊಮನ್ ಲೇನ್‌ನನ್ನು ಬಿಡಿಸಿಕೊಡಬೇಕು. ಅವಳ ಕಡೆಯವರ ಪ್ಲಾನ್ ಸರಳ: ಕಾವಲಿನ ಪೊಲೀಸರನ್ನೆಲ್ಲ ಕೊಂದುಬಿಡುವುದು. ಆ ಪ್ಲಾನ್ ನಡೆದರೆ ಹೇಗಿರುತ್ತದೆ ಅಂತ ಈಥನ್ ಊಹಿಸಿಕೊಳ್ಳುತ್ತಾನೆ. ಅದು ಊಹೆ ಅಂತ ನಮಗೆ ಮೊದಲು ತಿಳಿಯುವುದಿಲ್ಲ. ಗುಂಡಿನ ಸದ್ದಿಲ್ಲ, ಸಂಗೀತ ಮಾತ್ರ. ಒಬ್ಬ ಎಳೆಯ ಪೊಲೀಸ್ ಹುಡುಗನನ್ನು ಈಥನ್ ತಾನೇ ಹೊಡೆಯುತ್ತಾನೆ. ಆಮೇಲೆ ಕಣ್ಣು ಬಿಟ್ಟರೆ ಇನ್ನೂ ಮಾತುಕತೆಯೇ ಮುಗಿದಿಲ್ಲ. ಅಲ್ಲಿಂದಾಚೆ ಅವನು ಯಾರನ್ನೂ ಕೊಲ್ಲದೆ ಕೆಲಸ ಮುಗಿಸುವ ಹಟಕ್ಕೆ ಬೀಳುತ್ತಾನೆ. ಲೇನ್ ಇದ್ದ ವ್ಯಾನನ್ನು ಲಾರಿಯಿಂದ ಗುದ್ದಿ ಸೆನ್ ನದಿಗೆ ತಳ್ಳುತ್ತಾನೆ. ಕೆಳಗೆ ಅವನ ಗೆಳೆಯರು ಕಾಯುತ್ತಿರುತ್ತಾರೆ. ಈಥನ್ ಮಾತ್ರ ಮೇಲೆ ಸಿಕ್ಕಿಬಿದ್ದು, ಬೈಕಿನಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳಬೇಕು.

ಆ ಬೈಕ್ ಚೇಸ್ ನೋಡಿ ಎಲ್ಲರೂ ವಾವ್ ಅಂದಿದ್ದೇವೆ. ಆರ್ಕ್ ದ ತ್ರಿಯೋಂಫ್ ಸುತ್ತ, ಎದುರಿನಿಂದ ವಾಹನಗಳು ನುಗ್ಗಿ ಬರುತ್ತಿರುವಾಗ, ಹೆಲ್ಮೆಟ್ ಇಲ್ಲದೆ ಕ್ರೂಸ್ ತಾವೇ ಬೈಕ್ ಓಡಿಸಿದ್ದಾರೆ. ಆದರೆ ಈ ಚೇಸ್ ಯಾಕೆ ಬಂತು? ಪೊಲೀಸರನ್ನು ಕೊಲ್ಲುವ ಸುಲಭದ ದಾರಿ ಅವನು ಹಿಡಿಯಲಿಲ್ಲ, ಅದಕ್ಕೆ. ಸಾಹಸಕ್ಕೆ ಕಾರಣ ಕಥೆಯ ಒಳಗಿನಿಂದ ಬರುತ್ತದೆ ಅಂತ ನಾನು ಹೇಳುವುದು ಇದನ್ನೇ.

ಇದರ ನಂತರ ಒಂದು ಸಣ್ಣ ದೃಶ್ಯ ಇದೆ. ಇಡೀ ಸಿನಿಮಾದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅದೇ, ಹಾರಾಟದ ದೃಶ್ಯಗಳಲ್ಲ. ಈಥನ್ ತಂಡ ಗ್ಯಾರೇಜಿನಿಂದ ಹೊರಡಬೇಕು. ಬಾಗಿಲು ತೆರೆದರೆ ಎದುರಿಗೆ ಒಬ್ಬಳು ಪೊಲೀಸ್ ಹೆಂಗಸು, ಒಬ್ಬಳೇ. ಇವರನ್ನು ನೋಡಿಬಿಡುತ್ತಾಳೆ. ಈಥನ್ ಫ್ರೆಂಚಿನಲ್ಲಿ ಮೆಲ್ಲಗೆ, ದಯವಿಟ್ಟು ಹೊರಟು ಹೋಗು ಅನ್ನೋ ಥರ ಹೇಳುತ್ತಾನೆ. ಅವಳು ಹೆದರಿದ್ದಾಳೆ, ಆದರೆ ಡ್ಯೂಟಿ ಬಿಡಲಾರಳು. ಅಷ್ಟರಲ್ಲಿ ವೈಟ್ ವಿಡೋ ಕಡೆಯ ನಾಲ್ವರು ಬಂದು ಅವಳಿಗೆ ಗುಂಡು ಹೊಡೆಯುತ್ತಾರೆ. ಅವಳನ್ನು ಮುಗಿಸಿಬಿಡುವ ಮೊದಲೇ ಈಥನ್ ಆ ನಾಲ್ವರನ್ನೂ ಹೊಡೆದುರುಳಿಸುತ್ತಾನೆ. ಹಾಗೆ ಮಾಡಿದರೆ ತಾನೇ ಕಷ್ಟಪಟ್ಟು ಕುದುರಿಸಿಕೊಂಡ ವ್ಯವಹಾರ ಕೆಡಬಹುದು ಅಂತ ಅವನಿಗೆ ಗೊತ್ತು. ಆಮೇಲೆ ಬಗ್ಗಿ ಅವಳ ಹತ್ತಿರ ಕ್ಷಮೆ ಕೇಳುತ್ತಾನೆ. ಟಾಮ್ ಕ್ರೂಸ್ ಓಟದ ಬಗ್ಗೆ ಎಷ್ಟೋ ಜೋಕುಗಳಿವೆ. ಆ ಕ್ಷಣದ ಅವರ ಮುಖ ನೋಡಿ, ನಟನೆ ಬರಲ್ಲ ಅಂತ ಯಾರೂ ಹೇಳಲಾರರು. ಆ ಹೆಂಗಸಿನ ಪಾತ್ರಕ್ಕೆ ಇರೋದೇ ಒಂದೆರಡು ನಿಮಿಷ. ಕಥೆಗೆ ಅವಳು ಬೇಕೇ ಇಲ್ಲ. ಬೇರೆ ಆಕ್ಷನ್ ಸಿನಿಮಾ ಆಗಿದ್ದರೆ ಎಡಿಟಿಂಗ್‌ನಲ್ಲಿ ಮೊದಲು ಹೋಗುತ್ತಿದ್ದುದೇ ಈ ದೃಶ್ಯ.

ಹೊಡೆದಾಟಕ್ಕೆ ಬರೋಣ. ಪ್ಯಾರಿಸ್‌ನ ಗ್ರಾಂ ಪಲೇ ಕಟ್ಟಡದಲ್ಲಿ ಪಾರ್ಟಿ. ಅಲ್ಲಿಯ ಟಾಯ್ಲೆಟ್‌ನಲ್ಲಿ ಪ್ಲುಟೋನಿಯಂ ಕೊಳ್ಳಲು ಬಂದ ಜಾನ್ ಲಾರ್ಕ್ ಎಂಬುವನನ್ನು ಹಿಡಿದು, ಪ್ರಜ್ಞೆ ತಪ್ಪಿಸಿ, ಅವನ ಮುಖದ ಮುಖವಾಡ ಮಾಡಿಕೊಂಡು ಈಥನ್ ವೈಟ್ ವಿಡೋಳನ್ನು ಭೇಟಿಯಾಗಬೇಕು. ಸರಣಿಯ ಹಳೇ ಟ್ರಿಕ್. ಇಲ್ಲಿ ಆಗುವುದೇನು? ಆ ಮನುಷ್ಯ ಈಥನ್‌ನನ್ನೂ, ಜೊತೆಗಿರುವ ವಾಕರ್‌ನನ್ನೂ (ಹೆನ್ರಿ ಕ್ಯಾವಿಲ್) ಹಿಗ್ಗಾಮುಗ್ಗಾ ಬಾರಿಸುತ್ತಾನೆ. ಆ ಪಾತ್ರ ಮಾಡಿದ್ದು ಲಿಯಾಂಗ್ ಯಾಂಗ್, ಸ್ಟಂಟ್ ಕಲಾವಿದ. ಎದುರಿಗೆ ಇಬ್ಬರು ಸ್ಟಾರ್‌ಗಳಿದ್ದರೂ ದೃಶ್ಯ ಅವರದೇ. ಹೆನ್ರಿ ಕ್ಯಾವಿಲ್ ಅಂಗಿ ತೋಳು ಸರಿಮಾಡಿಕೊಂಡು, ಬಂದೂಕಿಗೆ ಗುಂಡು ತುಂಬುವ ಹಾಗೆ ಎರಡೂ ಕೈ ಝಾಡಿಸಿ ಮುಂದೆ ಬರುವ ತುಣುಕು ನೀವೂ ಎಲ್ಲಾದರೂ ನೋಡಿರುತ್ತೀರಿ. ಅಷ್ಟು ಬಿಲ್ಡಪ್ ಕೊಟ್ಟ ಮೇಲೂ ಅವರಿಗೆ ಮತ್ತೆ ಏಟು ಬೀಳುತ್ತದೆ.

ಈ ದೃಶ್ಯವನ್ನು ಇನ್ನೊಮ್ಮೆ ನೋಡುವಾಗ ಕಿವಿಗೊಟ್ಟು ಕೇಳಿ. ಹಿನ್ನೆಲೆ ಸಂಗೀತ ಇಲ್ಲ. ಹೊರಗಿನ ಪಾರ್ಟಿಯ ಧಡಧಡ ಸದ್ದು ಗೋಡೆ ದಾಟಿ ಬರುತ್ತದೆ, ಅಷ್ಟೇ. ಏಟು, ಉಸಿರು, ಕನ್ನಡಿ ಒಡೆಯುವುದು, ಪೈಪ್ ಕಿತ್ತು ಬರುವುದು, ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತದೆ. ಕ್ಯಾಮೆರಾ ದೂರ ನಿಂತು ಮೂವರ ಮೈಯನ್ನೂ ಪೂರ್ತಿ ತೋರಿಸುತ್ತದೆ. ಯಾರು ಎಲ್ಲಿದ್ದಾರೆ, ಯಾರ ಏಟು ಯಾರಿಗೆ ಬಿತ್ತು ಅನ್ನೋ ಗೊಂದಲ ಒಂದು ಕ್ಷಣವೂ ಆಗುವುದಿಲ್ಲ. ಈಗಿನ ಎಷ್ಟೋ ಆಕ್ಷನ್ ಸಿನಿಮಾಗಳಲ್ಲಿ ಕ್ಯಾಮೆರಾ ಕುಣಿಸಿ, ಸೆಕೆಂಡಿಗೆರಡು ಕಟ್ ಹಾಕಿ, ಮೇಲೆ ಡ್ರಮ್ ಬಾರಿಸುತ್ತಾರೆ. ಹೊಡೆದಾಟ ಬರದವರನ್ನು ಮರೆಮಾಚಲು ಅದು ಒಳ್ಳೇ ಉಪಾಯ.

ಕೊನೆಗೆ ಇಲ್ಸಾ ಬಂದು ಆ ಮನುಷ್ಯನ ಮುಖಕ್ಕೇ ಗುಂಡು ಹೊಡೆಯುತ್ತಾಳೆ. ಮುಖವೇ ಇಲ್ಲದ ಮೇಲೆ ಮುಖವಾಡ ಎಲ್ಲಿಂದ ಮಾಡೋದು? ಈಥನ್ ತನ್ನದೇ ಮುಖ ಹೊತ್ತುಕೊಂಡು, ತಾನೇ ಲಾರ್ಕ್ ಅಂತ ಹೇಳಿಕೊಂಡು ಹೋಗಬೇಕಾಗುತ್ತದೆ. ಇದು ಈ ಸಿನಿಮಾದ ಇನ್ನೊಂದು ಗುಣ. ಇಲ್ಲಿ ಪ್ಲಾನ್ ಅಂತ ಹಾಕಿದ್ದು ಒಂದೂ ನೆಟ್ಟಗೆ ನಡೆಯುವುದಿಲ್ಲ. ಮುಂದೇನು ಅಂತ ಕೇಳಿದರೆ ಈಥನ್ ಉತ್ತರ ಒಂದೇ, ಏನಾದರೂ ಮಾಡ್ತೀನಿ. ಲಂಡನ್‌ನಲ್ಲಿ ಅವನು ಓಡುವಾಗ ತಂಡದ ಬೆಂಜಿ ಟ್ಯಾಬ್ ನೋಡಿಕೊಂಡು ದಾರಿ ಹೇಳುತ್ತಾನಲ್ಲ, ಅಲ್ಲೂ ಹಾಗೆ. ಬೆಂಜಿಯ ಮ್ಯಾಪ್‌ನಲ್ಲಿ ಎತ್ತರ ಕಾಣುವುದಿಲ್ಲ. ನೇರ ಹೋಗು ಅಂತ ಅವನು ಆರಾಮಾಗಿ ಹೇಳುತ್ತಾನೆ, ಈಥನ್ ನಿಂತಿರುವುದು ಎತ್ತರದ ಕಿಟಕಿಯಲ್ಲಿ.

ಅದೇ ಲಂಡನ್ ಓಟದಲ್ಲೇ 2017ರ ಆಗಸ್ಟ್‌ನಲ್ಲಿ ಕ್ರೂಸ್ ಕಾಲು ಮುರಿದದ್ದು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಾರುವಾಗ ಪಾದ ಗೋಡೆಗೆ ಬಡಿದು ಹಿಮ್ಮಡಿ ಗಂಟು ಮುರಿಯಿತು. ಮೇಲೆ ಹತ್ತಿ, ಕುಂಟುತ್ತಾ ಕ್ಯಾಮೆರಾ ದಾಟಿ ಹೋಗಿ ಶಾಟ್ ಮುಗಿಸಿದರು. ಅದೇ ಶಾಟ್ ಸಿನಿಮಾದಲ್ಲಿದೆ. ಶೂಟಿಂಗ್ ಸುಮಾರು ಎರಡು ತಿಂಗಳು ನಿಂತಿತು. ಇದನ್ನು ಸುಮ್ನೆ ಪ್ರಚಾರದ ಕಥೆ ಅಂತ ತಳ್ಳಿಹಾಕುವವರಿದ್ದಾರೆ. ನಾನು ಗಮನಿಸಿದ್ದು ಬೇರೆ. ಬೇರೆ ಸಿನಿಮಾಗಳಲ್ಲಿ ಈಥನ್ ಹಾರಿದರೆ ಸಲೀಸಾಗಿ ಇಳಿಯುತ್ತಾನೆ. ಇಲ್ಲಿ ಎದೆ ಗೋಡೆಗೆ ಬಡಿದು, ಏದುಸಿರು ಬಿಟ್ಟು, ತೆವಳಿಕೊಂಡು ಮೇಲೆ ಬರುತ್ತಾನೆ. ಆಗ ಕ್ರೂಸ್‌ಗೆ ಐವತ್ತೈದು ವರ್ಷ. ಆ ವಯಸ್ಸನ್ನು ಸಿನಿಮಾ ಮುಚ್ಚಿಡುವುದಿಲ್ಲ.

ವಿಮಾನದಿಂದ ಹಾರುವ ದೃಶ್ಯದ ಬಗ್ಗೆ ಹೇಳದಿದ್ದರೆ ನೀವೇ ಬಯ್ಯುತ್ತೀರಿ. ಕಥೆಯಲ್ಲಿ ಪ್ಯಾರಿಸ್ ಮೇಲೆ ರಾತ್ರಿ ಹಾರುವುದು. ತೆಗೆದದ್ದು ಯುಎಇಯಲ್ಲಿ, ಸಿ-17 ಸರಕು ವಿಮಾನದಿಂದ, 25,000 ಅಡಿ ಎತ್ತರದಲ್ಲಿ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಹಾರುವ ಮೊದಲೇ ಶುದ್ಧ ಆಮ್ಲಜನಕ ಉಸಿರಾಡಿ ಮೈಯಲ್ಲಿನ ಸಾರಜನಕ ಕಡಿಮೆ ಮಾಡಿಕೊಳ್ಳಬೇಕು. ಮುಸ್ಸಂಜೆಯ ಬೆಳಕೇ ಬೇಕು, ಅದು ಇರೋದು ದಿನಕ್ಕೆ ಮೂರು ನಿಮಿಷ. ಹಾಗಾಗಿ ದಿನಕ್ಕೆ ಒಂದೇ ಅವಕಾಶ. ಕ್ರೇಗ್ ಓ’ಬ್ರಯನ್ ಎಂಬ ಕ್ಯಾಮೆರಾಮನ್ ಹೆಲ್ಮೆಟ್ ಮೇಲೆ ಕ್ಯಾಮೆರಾ ಕಟ್ಟಿಕೊಂಡು ಜೊತೆಗೇ ಹಾರಿದರು. ಬೀಳುತ್ತಿರುವಾಗ ಕ್ರೂಸ್ ಮುಖ ಕ್ಯಾಮೆರಾದಿಂದ ಮೂರು ಅಡಿ ದೂರಕ್ಕೆ ಸರಿಯಾಗಿ ಬರಬೇಕು, ಇಲ್ಲಾಂದ್ರೆ ಫೋಕಸ್ ಹೋಯ್ತು. ಮುಖ ಕಾಣಲಿ ಅಂತ ಒಳಗೆ ದೀಪವಿರುವ ವಿಶೇಷ ಹೆಲ್ಮೆಟ್ ಮಾಡಿಸಿದರು. ಒಟ್ಟು 106 ಹಾರಾಟ. ಕೆಳಗಿನ ಮರುಭೂಮಿಯ ಜಾಗದಲ್ಲಿ ಪ್ಯಾರಿಸ್, ಮೋಡ, ಮಿಂಚು ಎಲ್ಲ ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದ್ದು.

ಇಷ್ಟೆಲ್ಲ ಕಷ್ಟಪಟ್ಟು ತೆಗೆದ ದೃಶ್ಯದಲ್ಲಿ ನಡೆಯುವುದೇನು ಅಂತ ನೋಡಿ. ಜೊತೆಗಾರ ಆಗಸ್ಟ್ ವಾಕರ್ ದುಡುಕಿ ಮೊದಲು ಹಾರುತ್ತಾನೆ, ಸಿಡಿಲು ಬಡಿದು ಪ್ರಜ್ಞೆ ತಪ್ಪುತ್ತಾನೆ. ಈಥನ್ ಅವನ ಹಿಂದೆ ಬಿದ್ದು, ತನ್ನ ಆಮ್ಲಜನಕದ ಬಾಟಲಿ ಅವನಿಗೆ ಹಾಕಿ, ನೆಲ ಹತ್ತಿರ ಬರುವ ತನಕ ಅವನನ್ನು ಬಿಡುವುದಿಲ್ಲ. ಆಮೇಲೆ ತಿಳಿಯುವುದು, ನಿಜವಾದ ಜಾನ್ ಲಾರ್ಕ್ ಈ ವಾಕರ್ರೇ. ಅಂದರೆ ಈಥನ್ ಪ್ರಾಣ ಒತ್ತೆಯಿಟ್ಟು ಉಳಿಸಿದ್ದು ವಿಲನ್‌ನನ್ನು. ಮತ್ತೆ ಅದೇ ಸ್ವಭಾವ, ಮತ್ತೆ ಅದರದೇ ಪರಿಣಾಮ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಎರಡನೇ ಸಲ ನೋಡಿದಾಗ ತಾನಾಗಿಯೇ ಹೊಳೆಯುತ್ತದೆ.

ತಮಾಷೆ ಅಂದರೆ ಶೂಟಿಂಗ್ ಶುರುವಾದಾಗ ಇವರ ಕೈಯಲ್ಲಿ ಪೂರ್ತಿ ಸ್ಕ್ರಿಪ್ಟ್ ಇರಲಿಲ್ಲ. ಸಾಹಸ ಎಲ್ಲಿ ಅಂತ ಮೊದಲು ಗೊತ್ತು ಮಾಡಿಕೊಂಡು, ಕಥೆ ಕಟ್ಟುತ್ತಾ ಹೋಗುವುದು ಮೆಕ್ವಾರಿ–ಕ್ರೂಸ್ ಜೋಡಿಯ ಪದ್ಧತಿ. ಹಾಗಿದ್ದರೂ ಇಷ್ಟು ಬಿಗಿಯಾಗಿ ಕೂತಿದೆ ಅಂದರೆ, ಈಥನ್ ಎಂಥವನು ಅನ್ನೋ ಒಂದು ವಿಷಯದಲ್ಲಿ ಅವರಿಗೆ ಅನುಮಾನ ಇರಲಿಲ್ಲ ಅಂತ ನನ್ನ ಊಹೆ. ಅದು ಗೊತ್ತಿದ್ದರೆ ಉಳಿದದ್ದನ್ನು ದಾರಿಯಲ್ಲಿ ಕಟ್ಟಿಕೊಳ್ಳಬಹುದು.

ಕ್ಯಾವಿಲ್‌ರ ವಾಕರ್ ಬಗ್ಗೆ ಒಂದು ಮಾತು. ಸರಣಿಯ ವಿಲನ್‌ಗಳು ಸಾಮಾನ್ಯವಾಗಿ ಕುರ್ಚಿಯಲ್ಲಿ ಕೂತು ಮಾತಾಡುವ ಬುದ್ಧಿವಂತರು. ಇವನು ಎದುರು ನಿಂತರೆ ಈಥನ್‌ಗಿಂತ ಒಂದು ಕೈ ಎತ್ತರ, ಎರಡರಷ್ಟು ಅಗಲ. ಹೊಡೆತಕ್ಕೆ ಬಿದ್ದರೆ ಈಥನ್ ಉಳಿಯಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಅವನ ಮೀಸೆಯದೇ ಒಂದು ಕಥೆ. ಅದೇ ಸಮಯಕ್ಕೆ ಕ್ಯಾವಿಲ್ ಸೂಪರ್‌ಮ್ಯಾನ್ ಆಗಿದ್ದ ‘ಜಸ್ಟಿಸ್ ಲೀಗ್’ನ ಮರುಚಿತ್ರೀಕರಣ ಇತ್ತು. ಫಾಲೌಟ್ ನಿರ್ಮಾಪಕರು ಮೀಸೆ ತೆಗೆಯಲು ಒಪ್ಪಲಿಲ್ಲ. ಅಲ್ಲಿ ಸೂಪರ್‌ಮ್ಯಾನ್‌ನ ಮೀಸೆಯನ್ನು ಕಂಪ್ಯೂಟರಿನಲ್ಲಿ ಅಳಿಸಿ, ಮೇಲ್ದುಟಿ ವಿಚಿತ್ರವಾಗಿ ಕಾಣುವ ಹಾಗಾಯಿತು. ಜನ ನಕ್ಕಿದ್ದೇ ನಕ್ಕಿದ್ದು.

ಕ್ಲೈಮ್ಯಾಕ್ಸ್ ಕಾಶ್ಮೀರದಲ್ಲಿ, ಸಿಯಾಚಿನ್ ಹತ್ತಿರ. ಅಲ್ಲಿ ಬಾಂಬ್ ಸಿಡಿಸಿ ಭಾರತ, ಪಾಕಿಸ್ತಾನ, ಚೀನಾದ ಕುಡಿಯುವ ನೀರಿಗೆ ವಿಷ ಬೆರೆಯುವಂತೆ ಮಾಡುವುದು ವಿಲನ್‌ಗಳ ಪ್ಲಾನ್. ತೆಗೆದದ್ದು ಮಾತ್ರ ನ್ಯೂಜಿಲೆಂಡಿನಲ್ಲಿ, ಕೊನೆಯ ಬಂಡೆಯ ಹೊಡೆದಾಟ ನಾರ್ವೆಯ ಪ್ರೈಕೆಸ್ಟೋಲೆನ್‌ನಲ್ಲಿ. ಹೆಲಿಕಾಪ್ಟರ್ ಓಡಿಸಲು ಕ್ರೂಸ್ ಕಲಿತು ತಾವೇ ಓಡಿಸಿದ್ದಾರೆ. ಇದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಉದ್ದ ಮಾಡಲ್ಲ. ನನಗೆ ಮುಖ್ಯ ಅನಿಸಿದ್ದು ಕೆಳಗೆ ನಡೆಯುವುದು. ಬಾಂಬ್ ಪಕ್ಕದಲ್ಲಿ ಲೂಥರ್ ಜೊತೆ ಕೂತು ವೈರ್ ಹಿಡಿದಿರುವುದು ಜೂಲಿಯಾ. ಈಥನ್ ಯಾರನ್ನು ದೂರ ಇಟ್ಟು ಕಾಪಾಡುತ್ತಿದ್ದನೋ ಅವಳನ್ನೇ ಲೇನ್ ಬೇಕೆಂದು ಅಲ್ಲಿಗೆ ಕರೆಸಿದ್ದಾನೆ. ಅದಕ್ಕೂ ಮುಂಚೆ ಲೂಥರ್ ಇಲ್ಸಾಗೆ ಜೂಲಿಯಾ ವಿಷಯ ಹೇಳುವ ದೃಶ್ಯ ಇದೆ. ಇಬ್ಬರೇ, ಮೆಲುದನಿ. ಮೊದಲ ಸಿನಿಮಾದಿಂದ ಈಥನ್ ಜೊತೆಗಿರುವ ಲೂಥರ್ ಕಣ್ಣಲ್ಲಿ ನೀರು. ಬರ್ಲಿನ್‌ನಲ್ಲಿ ಈಥನ್ ಉಳಿಸಿದ್ದು ಯಾರನ್ನು ಅಂತ ಆಗ ನಮಗೆ ನಾಟುತ್ತದೆ.

ಕೊರತೆಗಳು ಇಲ್ಲವೇ? ಇವೆ. ವಾಕರ್ ವಿಲನ್ ಅಂತ ಅರ್ಧ ಗಂಟೆಯಲ್ಲೇ ವಾಸನೆ ಹತ್ತುತ್ತದೆ. ಯಾರು ಯಾರಿಗೆ ಯಾಕೆ ಸುಳ್ಳು ಹೇಳುತ್ತಿದ್ದಾರೆ ಅಂತ ಮಧ್ಯದಲ್ಲಿ ಲೆಕ್ಕ ತಪ್ಪುತ್ತದೆ. ಬಾಂಬಿನ ಹದಿನೈದು ನಿಮಿಷ ನಮ್ಮ ಗಡಿಯಾರದ ಹದಿನೈದು ನಿಮಿಷ ಅಲ್ಲವೇ ಅಲ್ಲ. ವೈಟ್ ವಿಡೋ ಆಗಿ ವನೆಸ್ಸಾ ಕಿರ್ಬಿ ಅಷ್ಟು ಚೆನ್ನಾಗಿ ಮಾಡಿದ್ದರೂ ಅವರಿಗೆ ಕೆಲಸ ಕಡಿಮೆ. 147 ನಿಮಿಷ ಕೆಲವರಿಗೆ ಜಾಸ್ತಿ ಅನಿಸಬಹುದು. ಇಷ್ಟಾದರೂ ಸರಣಿಯಲ್ಲೇ ಹೆಚ್ಚು ಹಣ ಮಾಡಿದ್ದು ಇದೇ, ಜಗತ್ತಿನಾದ್ಯಂತ ಸುಮಾರು 79 ಕೋಟಿ ಡಾಲರ್. ಮುಂದೆ 2023ರಲ್ಲಿ, 2025ರಲ್ಲಿ ಬಂದವು ಆ ಮೊತ್ತ ಮುಟ್ಟಲಿಲ್ಲ. 2023ರದರಲ್ಲಿ ನಾರ್ವೆಯ ಬೆಟ್ಟದಿಂದ ಬೈಕ್ ಹಾರಿಸಿದ್ದು ಇದಕ್ಕಿಂತ ದೊಡ್ಡ ಸಾಹಸವೇ ಇರಬಹುದು. ಆದರೆ ಅಲ್ಲಿ ನನಗೆ ‘ಅಬ್ಬಾ’ ಅನಿಸಿತೇ ಹೊರತು ‘ಅಯ್ಯೋ, ಈಗೇನು ಮಾಡ್ತಾನೆ’ ಅನಿಸಲಿಲ್ಲ.

ಎಲ್ಲ ಒಂದೇ ಥರ ಅನಿಸಿದ್ದಕ್ಕೆ ನೀವು ನೋಡಿದ ಕ್ರಮವೂ ಕಾರಣ ಇರಬಹುದು. ಟಿವಿಯಲ್ಲಿ ಅರ್ಧಂಬರ್ಧ ನೋಡಿದರೆ ಎಲ್ಲವೂ ಕಲಸಿಹೋಗುತ್ತವೆ. ಮತ್ತೊಮ್ಮೆ ನೋಡುವ ಮನಸ್ಸಿದ್ದರೆ ಎಲ್ಲವೂ ಬೇಡ. 2006ರ ಮೂರನೆಯದು ಜೂಲಿಯಾಗಾಗಿ, 2015ರ ‘ರೋಗ್ ನೇಷನ್’ ಲೇನ್ ಮತ್ತು ಇಲ್ಸಾಗಾಗಿ, ಆಮೇಲೆ ಫಾಲೌಟ್. ಮೊಬೈಲಿನಲ್ಲಿ ಮಾತ್ರ ಬೇಡ, ಆ ಟಾಯ್ಲೆಟ್ ಫೈಟ್‌ನ ಸದ್ದು ಸರಿಯಾಗಿ ಕೇಳಬೇಕು. ನೋಡಿ ಮುಗಿಸಿದ ಮೇಲೂ ಒಂದೇ ಥರ ಅನಿಸಿದರೆ ಕೆಳಗೆ ಕಾಮೆಂಟ್ ಹಾಕಿ, ಜಗಳ ಮುಂದುವರಿಸೋಣ.